ಜೋಳಿಗೆಗೆ ಹಾಕಿದ ಮರುದಿನ

ಆಗಸ್ಟ್ 1 ಇಳಕಲ್ಲಿನ ಪೂಜ್ಯ ಡಾ. ಮಹಾಂತ ಶಿವಯೋಗಿಗಳ ಜನ್ಮದಿನ. ನಮ್ಮ ರಾಜ್ಯದಲ್ಲಿ ಅದು ವ್ಯಸನಮುಕ್ತ ದಿನವೂ ಹೌದು. ಜಂಗಮರ ಜೋಳಿಗೆಗೆ ಜೋಳ, ಹಿಟ್ಟು, ಕಾಣಿಕೆ ಹಾಕುವುದು ನಮ್ಮ ಊರುಗಳ ರೂಢಿ. ಚಿತ್ತರಗಿ ಇಳಕಲ್ಲ ಮಠದ ಆ ಪೂಜ್ಯರು 1975ರಲ್ಲಿ ಆರಂಭಿಸಿದ ಮಹಾಂತ ಜೋಳಿಗೆ ಬೇಡಿದ ಭಿಕ್ಷೆಯೇ ಬೇರೆ. ಕುಡಿತ, ಬೀಡಿ, ತಂಬಾಕು, ಇಸ್ಪೀಟು ಹೀಗೆ ನಿಮ್ಮಲ್ಲಿರುವ ಚಟವನ್ನು ಇದರಲ್ಲಿ ಹಾಕಿ ಕೊಡಿ ಎಂದು ಅವರು ಓಣಿ ಓಣಿ ತಿರುಗಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಜೋಳಿಗೆ ನಮ್ಮ ಹೆಗಲಿಗೆ ಬಂದಿದೆ.

ಈ ಶ್ರಾವಣದಲ್ಲಿಯೂ ನೂರಾರು ಊರುಗಳಲ್ಲಿ ಪ್ರವಚನ ನಡೆಯುತ್ತದೆ, ಪ್ರತಿಜ್ಞೆ ಬೋಧನೆಯಾಗುತ್ತದೆ, ಕೈ ಎತ್ತಿದವರಿಗೆ ಚಪ್ಪಾಳೆ ಬೀಳುತ್ತದೆ. ನಮ್ಮ ಕಳವಳ ಇರುವುದು ಮರುದಿನದ ಸಂಜೆಯ ಬಗ್ಗೆ. ಪೆಂಡಾಲು ಬಿಚ್ಚಿ ಹೋಗಿದೆ, ಸ್ವಾಮಿಗಳು ಮುಂದಿನ ಊರಿಗೆ ಹೋಗಿದ್ದಾರೆ. ಕೂಲಿ ಮುಗಿಸಿ ಬರುವವನ ದಾರಿಯಲ್ಲಿ ಅಂಗಡಿ ಮಾತ್ರ ಎಂದಿನಂತೆ ತೆರೆದೇ ಇದೆ. ಆ ಹೊತ್ತಿನಲ್ಲಿ ಅವನ ಜೊತೆಗೆ ಯಾರಿದ್ದಾರೆ?

ಸರ್ಕಾರವಂತೂ ಇರುವುದಿಲ್ಲ. ಮದ್ಯಪಾನ ನಿಷೇಧಕ್ಕೆ ರಾಜ್ಯ ಪ್ರಯತ್ನಿಸಬೇಕೆಂದು ಸಂವಿಧಾನದ 47ನೆಯ ವಿಧಿ ಹೇಳುತ್ತದೆ. ಆದರೆ ಬೊಕ್ಕಸ ತುಂಬುವ ದೊಡ್ಡ ಮೂಲಗಳಲ್ಲಿ ಅಬಕಾರಿಯೂ ಒಂದು. 2007ರ ಜುಲೈನಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಪಾಕೀಟಿನ ಜಾಗಕ್ಕೆ ಬಾಟಲಿ ಬಂತು. 2013ರಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ಮಾರಾಟಕ್ಕೆ ಬಂದವು. ಬೆರೆಸುವ ಕೆಲಸ ಮಾತ್ರ ತಿನ್ನುವವನಿಗೆ ಬಂತು. 2019ರ ಜನವರಿಯಲ್ಲಿ ಸಾವಿರಾರು ತಾಯಂದಿರು ಮದ್ಯ ನಿಷೇಧ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದೇ ಹೋದರು. ಅವರ ಬೇಡಿಕೆ ಇನ್ನೂ ಈಡೇರಿಲ್ಲ. ಆ ಹೋರಾಟ ಮುಂದುವರಿಯಲಿ. ಅಲ್ಲಿಯವರೆಗೆ ನಮ್ಮ ಮನೆ, ನಮ್ಮ ಮಠ ಮಾಡಬೇಕಾದ್ದನ್ನು ಯಾರೂ ತಡೆದಿಲ್ಲ.

ಮೊದಲು ಒಂದು ಎಚ್ಚರಿಕೆಯ ಮಾತು. ವರ್ಷಾನುಗಟ್ಟಲೆ ದಿನವೂ ವಿಪರೀತ ಕುಡಿದವರು ಒಮ್ಮೆಲೇ ಬಿಟ್ಟಾಗ ಎರಡು ಮೂರು ದಿನಗಳಲ್ಲಿ ಕೈಕಾಲು ನಡುಗಬಹುದು, ನಿದ್ದೆ ಹಾರಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು, ಫಿಟ್ಸ್ ಬರಬಹುದು. ಪ್ರಾಣಕ್ಕೂ ಅಪಾಯವಿದೆ. ಇದನ್ನು ದೆವ್ವವೆಂದೋ ಆಣೆ ಮುರಿದ ಶಾಪವೆಂದೋ ತಿಳಿದು ತಾಯತ ಕಟ್ಟಿಸುವುದು ಶರಣರ ಮಾರ್ಗವಲ್ಲ. ಇಂಥವರು ವೈದ್ಯರನ್ನು ಕೇಳಿಯೇ ಬಿಡಬೇಕು. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗವಿದೆ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. 14446 ವ್ಯಸನಮುಕ್ತಿಯ ಉಚಿತ ಸಹಾಯವಾಣಿ. ಪ್ರತಿಜ್ಞೆ ಕೊಡಿಸುವ ವೇದಿಕೆಯ ಮೇಲೆಯೇ ಇದನ್ನು ಹೇಳಬೇಕು.

ದೇಹ ತಹಬಂದಿಗೆ ಬಂದ ಮೇಲೆ ಮನಸ್ಸಿನ ಕೆಲಸ ಶುರುವಾಗುತ್ತದೆ. ಚಟಕ್ಕೆ ಅದರದೇ ಹೊತ್ತು, ಅದರದೇ ಜಾಗ, ಅದರದೇ ಗೆಳೆಯರು ಇರುತ್ತಾರೆ. ಹೊತ್ತು ಬಂದಾಗ ಆಸೆ ಏರುತ್ತದೆ, ಸ್ವಲ್ಪ ಕಾಲ ಕಾಡುತ್ತದೆ, ತಡೆದುಕೊಂಡರೆ ಇಳಿಯುತ್ತದೆ. ಆ ಹೊತ್ತು ಖಾಲಿ ಇದ್ದರೆ ಹಳೆಯ ಚಟ ಬಂದು ಅಲ್ಲೇ ಕೂರುತ್ತದೆ. ನಮ್ಮ ಗುರುಗಳು ಕೊಟ್ಟ ಇಷ್ಟಲಿಂಗ ಪೂಜೆ ಈ ಹೊತ್ತಿಗೆ ಒದಗುವ ದೊಡ್ಡ ಆಸರೆ. ಕೆಲಸದಿಂದ ಬಂದವನೇ ಸ್ನಾನ ಮಾಡಿ, ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ದೃಷ್ಟಿ ನಿಲ್ಲಿಸಲಿ. ಉಸಿರು ನಿಧಾನವಾಗುತ್ತದೆ, ಕಣ್ಣು ಒಂದೆಡೆ ನಿಲ್ಲುತ್ತದೆ, ಗ್ಲಾಸು ಹಿಡಿಯುತ್ತಿದ್ದ ಕೈಗೆ ಬೇರೆ ಕೆಲಸ ಸಿಗುತ್ತದೆ. ಮೊದಲ ದಿನ ಐದು ನಿಮಿಷ ಕೂತರೂ ಸಾಕು. ಹಸಿದ ಹೊಟ್ಟೆಯಲ್ಲಿ ಆಸೆ ಹೆಚ್ಚು, ಆದ್ದರಿಂದ ಊಟ ಬೇಗ ಆಗಲಿ. ಮಜ್ಜಿಗೆ, ಅಂಬಲಿ ಮನೆಯಲ್ಲಿರಲಿ. ಸಂತೆಯ ದಿನದ ಕೂಲಿ ನೇರವಾಗಿ ಮನೆಯೊಡತಿಯ ಕೈ ಸೇರಲಿ. ಅಂಗಡಿಯ ದಾರಿ ಬಿಟ್ಟು ಬೇರೆ ದಾರಿ ಹಿಡಿಯುವುದೂ ಸಾಧನೆಯೇ.

ಕುಡಿಯುವವನು ಲಿಂಗ ಮುಟ್ಟಬಹುದೇ ಎಂದು ಹಿರಿಯರು ಕೇಳುತ್ತಾರೆ. ಅಮಲಿನಲ್ಲಿರುವವನು ಪೂಜೆಗೆ ಕೂರುವುದು ಸಲ್ಲದು, ನಿಜ. ಆದರೆ ನಿನ್ನೆ ಕುಡಿದವನು ಇಂದು ಶುದ್ಧನಾಗಿ ಬಂದರೆ ಬಾಗಿಲು ಮುಚ್ಚುವ ಅಧಿಕಾರ ನಮಗೆ ಯಾರು ಕೊಟ್ಟರು? ಬಸವಾದಿ ಶರಣರು ಸೂತಕಗಳನ್ನು ತೊಡೆದು ಹಾಕಿದರು. ಹೆಂಡ ಮಾರುವ ಕಾಯಕದ ಮಾರಯ್ಯನೂ ಅವರ ನಡುವೆ ವಚನಕಾರನಾದ. ತನ್ನ ಅಂಗಡಿಯ ಮಾತುಗಳಲ್ಲಿಯೇ ಒಳಗಿನ ಮದದ ಕುರಿತು ಎಚ್ಚರಿಸಿದ. ರೋಗ ವಾಸಿಯಾದ ಮೇಲೆ ಬಾ ಎಂದು ಔಷಧಿಯನ್ನು ಯಾರೂ ಬಚ್ಚಿಡುವುದಿಲ್ಲ. ಮೂರು ತಿಂಗಳು ಬಿಟ್ಟವನು ಒಂದು ರಾತ್ರಿ ಜಾರಿದರೆ ಆ ಮೂರು ತಿಂಗಳು ಸುಳ್ಳಾಗುವುದಿಲ್ಲ. ಬೆಳಿಗ್ಗೆ ಎಬ್ಬಿಸಿ ಮತ್ತೆ ಕೂರಿಸುವವರು ಬೇಕು.

ಇದು ಒಬ್ಬನ ಕೆಲಸವೆಂದು ಬಿಡುವ ಹಾಗಿಲ್ಲ. ಪಂಚಾಚಾರಗಳಲ್ಲಿ ಗಣಾಚಾರವೂ ಸೇರಿದೆ. ಸಮಾಜದ ಕೇಡಿನ ಎದುರು ಕೂಡಿ ನಿಲ್ಲುವುದೇ ಅದರ ತಿರುಳು. ಜೋಳಿಗೆಗೆ ಚಟ ಹಾಕಿದ ಪ್ರತಿಯೊಬ್ಬರಿಗೂ ಅದೇ ಓಣಿಯ ಒಬ್ಬ ಶರಣರನ್ನು ಮೂರು ತಿಂಗಳ ಮಟ್ಟಿಗೆ ಜೊತೆ ಮಾಡೋಣ. ಸಂಜೆ ಒಮ್ಮೆ ಮನೆಗೆ ಹೋಗಿ ಬರುವುದು, ಇಲ್ಲವೇ ಫೋನು ಮಾಡುವುದು, ಇಷ್ಟೇ ಅವರ ಕಾಯಕ. ಅಕ್ಕನ ಬಳಗದವರು ಆ ಮನೆಯ ತಾಯಿ ಮಕ್ಕಳ ಮಾತು ಕೇಳಲಿ; ಪೆಟ್ಟು ತಿಂದವರು ಅವರು, ಸಹಿಸಿಕೊಂಡಿರಿ ಎಂಬ ಉಪದೇಶ ಅವರಿಗೆ ಬೇಡ. ವಾರಕ್ಕೊಮ್ಮೆ ಮಠದಲ್ಲಿ ಬಿಟ್ಟವರ ಅನುಭಾವ ಗೋಷ್ಠಿ ಸೇರಲಿ.

ಮಠಗಳಿಗೂ ಒಂದು ವಿನಂತಿ. ಮಾರಯ್ಯನನ್ನು ಅಪ್ಪಿಕೊಳ್ಳುವುದು ಬೇರೆ, ಮದ್ಯದ ಲಾಭಕ್ಕೆ ಶಾಲು ಹೊದಿಸುವುದು ಬೇರೆ. ದಾಸೋಹ ನಡೆಯಬೇಕಾದ್ದು ಸತ್ಯಶುದ್ಧ ಕಾಯಕದ ಗಳಿಕೆಯಿಂದ. ಒಂದು ಕೈಯಲ್ಲಿ ಜೋಳಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಬಾರಿನ ಮಾಲೀಕರ ದೇಣಿಗೆ ಪಡೆದು, ಅವರ ಹೆಸರನ್ನು ಜಾತ್ರೆಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರೆ ಓಣಿಯ ಹುಡುಗರಿಗೆ ಯಾವ ಪಾಠ ತಲುಪುತ್ತದೆ? ಪೂಜ್ಯರು ಈ ವರ್ಷ ಈ ಒಂದು ನಿರ್ಧಾರ ಮಾಡಿದರೆ ಹತ್ತು ಪ್ರವಚನಕ್ಕಿಂತ ಹೆಚ್ಚು ಕೆಲಸವಾದೀತು.

ಓದುಗ ಶರಣ ಬಂಧುಗಳೇ, ನಿಮ್ಮ ಓಣಿಯಲ್ಲಿ ಬಿಡಬೇಕೆಂದು ಒದ್ದಾಡುತ್ತಿರುವ ಒಬ್ಬರು ಖಂಡಿತ ಇದ್ದಾರೆ. ಅವರ ಹೆಸರು ನಿಮಗೆ ಗೊತ್ತು. ಈ ಸಂಜೆಯೇ ಅವರ ಮನೆಯ ಕದ ತಟ್ಟಿರಿ.