ಕಂಬದ ಮೇಲೆ ವಿಮಾನ ಬೇಡ, ಕಾಕ್‌ಪಿಟ್ ಕೊಡಿ

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಾಯುಪಡೆ ಮಿಗ್-21ನ್ನು ಬೀಳ್ಕೊಟ್ಟಿತು. ಅಂದಿನಿಂದ ಗೆಳೆಯರದು ಒಂದೇ ಮಾತು: ಬಾಗಲಕೋಟೆಯ ನವನಗರಕ್ಕೂ ಅಂಥದೊಂದು ವಿಮಾನ ತಂದು ಸರ್ಕಲ್‌ನಲ್ಲಿ ನಿಲ್ಲಿಸಬೇಕು. ವಾಯುಪಡೆಯಲ್ಲಿ ಇನ್‌ಸ್ಟ್ರುಮೆಂಟ್ ಫಿಟ್ಟರ್ ಆಗಿ ದುಡಿದು ಹುನಗುಂದಕ್ಕೆ ಮರಳಿದವನು ನಾನು. ಆ ವಿಮಾನದ ಮೇಲೆ ನನಗೂ ಅಕ್ಕರೆಯಿದೆ. ಆದರೆ ನಾನು ಕೇಳುವುದು ಬೇರೆ. ನಮ್ಮ ಮಕ್ಕಳಿಗೆ ನೆಲದ ಮೇಲೇ ಹಾರಾಟ ಕಲಿಸುವ ಒಂದು ಸಿಮ್ಯುಲೇಟರ್ ಬೇಕು, ಹಳೆಯದಾದರೂ ಸರಿ.

ಈ ಯಂತ್ರ ಹುಟ್ಟಿದ್ದು ಆರ್ಗನ್ ವಾದ್ಯ ಮಾಡುವ ಕಾರ್ಖಾನೆಯಲ್ಲಿ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಂಟನ್‌ನ ಎಡ್ವಿನ್ ಲಿಂಕ್ 1929ರ ಹೊತ್ತಿಗೆ ತಂದೆಯ ಕಾರ್ಖಾನೆಯ ತಿದಿಗಳನ್ನೇ ಒಂದು ಮರದ ಪೆಟ್ಟಿಗೆಯ ಕೆಳಗೆ ಜೋಡಿಸಿದ. ನಮ್ಮ ಕಂಪನಿ ನಾಟಕಗಳ ಕಾಲ್ಪೇಟಿ ಗಾಳಿಯಿಂದ ಸ್ವರ ಹೊರಡಿಸಿದ ಹಾಗೆ ಈ ಪೆಟ್ಟಿಗೆ ಗಾಳಿಯಿಂದಲೇ ವಾಲುತ್ತಿತ್ತು, ಮೂಗು ಎತ್ತುತ್ತಿತ್ತು. ಮುಚ್ಚಳ ಹಾಕಿದರೆ ಒಳಗೆ ಕೂತವನಿಗೆ ಮೀಟರುಗಳ ಮುಳ್ಳು ಬಿಟ್ಟು ಬೇರೇನೂ ಕಾಣದು. ಹೊರಗೆ ಶಿಕ್ಷಕರ ಮೇಜಿನ ನಕ್ಷೆಯ ಮೇಲೆ ಮೂರು ಗಾಲಿಯ ಪುಟ್ಟ ಯಂತ್ರವೊಂದು ಅವನು ಹಾರಿದ ದಾರಿಯನ್ನು ಶಾಯಿಯಲ್ಲಿ ಬರೆಯುತ್ತ ಹೋಗುತ್ತಿತ್ತು. ದಾರಿ ತಪ್ಪಿದ್ದರೆ ಅಲ್ಲೇ ಕಾಣುತ್ತಿತ್ತು. ಅಳಿಸಿ ವಾದಿಸಲು ಬರುತ್ತಿರಲಿಲ್ಲ. 1934ರಲ್ಲಿ ಅಂಚೆ ಹೊತ್ತು ಕೆಟ್ಟ ಹವೆಯಲ್ಲಿ ಹಾರಿದ ಅಮೆರಿಕದ ಸೇನಾ ಪೈಲಟ್‌ಗಳು ಸಾಲುಸಾಲಾಗಿ ಸತ್ತ ಮೇಲೆಯೇ ಅಲ್ಲಿನ ಸೇನೆ ಆರು ಪೆಟ್ಟಿಗೆ ಕೊಂಡಿತು.

ಜೆಟ್ ಬಂದ ಮೇಲೆ ತಿದಿ ಸಾಲಲಿಲ್ಲ. ಹಳೆಯ ಜೆಟ್ ಎಂಜಿನ್ ಥ್ರಾಟಲ್ ತಳ್ಳಿದ ತಕ್ಷಣ ಎಚ್ಚೆತ್ತುಕೊಳ್ಳುವುದಿಲ್ಲ, ಬಲ ಬರಲು ಹಲವು ಸೆಕೆಂಡು ಹಿಡಿಯುತ್ತದೆ. ರನ್‌ವೇ ಸಮೀಪ ತಗ್ಗಿನಲ್ಲಿ, ನಿಧಾನವಾಗಿ ಬರುವವನಿಗೆ ಆ ಸೆಕೆಂಡುಗಳೇ ಮೃತ್ಯು. ಇದನ್ನು ಬಾಯಿಮಾತಿನಲ್ಲಿ ಎಷ್ಟು ಹೇಳಿದರೂ ಕೈಗೆ ಹತ್ತುವುದಿಲ್ಲ. ಅದಕ್ಕೇ ವ್ಯಾಕ್ಯೂಮ್ ಟ್ಯೂಬುಗಳ ಅನಲಾಗ್ ಕಂಪ್ಯೂಟರಿನಿಂದ ಎಂಜಿನ್ನಿನ ಆ ತಡವನ್ನೂ ಇಂಧನ ಕರಗುವುದನ್ನೂ ಲೆಕ್ಕ ಹಾಕುವ ಜೆಟ್ ಸಿಮ್ಯುಲೇಟರುಗಳು ಬಂದವು. ಶಿಕ್ಷಕರು ಹೊರಗಿನಿಂದ ಒಂದು ಸ್ವಿಚ್ ಒತ್ತಿ ಎಂಜಿನ್ ಆರಿಸಿಬಿಡಬಹುದಿತ್ತು. ಹುಡುಗ ಬೆವರುತ್ತಿದ್ದ, 'ಸಾಯುತ್ತಿದ್ದ', ಎದ್ದು ಬಂದು ಚಹಾ ಕುಡಿದು ಮತ್ತೆ ಕೂರುತ್ತಿದ್ದ.

ನಮ್ಮ ದೇಶ ಈ ಪಾಠಕ್ಕೆ ದುಬಾರಿ ಬೆಲೆ ತೆತ್ತಿತು. ಕಿರಣ್‌ನಂಥ ಸೌಮ್ಯ ತರಬೇತಿ ವಿಮಾನದಿಂದ ಇಳಿದ ಹುಡುಗರು ಗಂಟೆಗೆ 300 ಕಿ.ಮೀ. ಮೀರಿದ ವೇಗದಲ್ಲಿ ನೆಲಕ್ಕೆ ಬರುವ ಮಿಗ್-21 ಏರಬೇಕಿತ್ತು. ನಡುವಿನ ಮೆಟ್ಟಿಲಾಗಿ ಸುಧಾರಿತ ಜೆಟ್ ತರಬೇತಿ ವಿಮಾನ ಬೇಕೆಂದು ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತ್ತು. ಅಂಥ ತರಬೇತಿ ವಿಮಾನವಾದ ಹಾಕ್ ವಿಧ್ಯುಕ್ತವಾಗಿ ಬೀದರಿನಲ್ಲಿ ಸೇವೆಗೆ ಸೇರಿದ್ದು 2008ರ ಫೆಬ್ರುವರಿಯಲ್ಲಿ. ಆ ನಡುವಿನ ವರ್ಷಗಳನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸಿಮ್ಯುಲೇಟರ್ ಮಾಡುವ ವಿದ್ಯೆ ನಮ್ಮಲ್ಲಿ ಇರಲಿಲ್ಲ ಎನ್ನುವಂತಿಲ್ಲ. ಬೆಂಗಳೂರಿನ ರಕ್ಷಣಾ ಸಂಶೋಧನಾ ಸಂಸ್ಥೆ ಎಡಿಇಯವರು ಅಜೀತ್ ಯುದ್ಧವಿಮಾನಕ್ಕೆ ಸಿಮ್ಯುಲೇಟರ್ ಮಾಡಿದರು. 2001ರ ಜನವರಿ 4ರಂದು ತೇಜಸ್ ಮೊದಲ ಸಲ ಮೇಲೇರುವ ಮುನ್ನ ಪೈಲಟ್‌ಗಳು ಅಭ್ಯಾಸ ಮಾಡಿದ್ದೂ ಅಲ್ಲಿನ ಸಿಮ್ಯುಲೇಟರ್‌ನಲ್ಲೇ.

ವಿಜಯಪುರದ ಸೈನಿಕ ಶಾಲೆ 1963ರಿಂದ ಇದೆ. ನಮ್ಮ ಕಡೆಯ ಕೆಲವರಿಗೆ ಅಲ್ಲಿ ಸೀಟು ಸಿಗುತ್ತದೆ. ಸಿಗದ ಇಳಕಲ್ಲಿನ ನೇಕಾರರ ಮಗಳಿಗೆ, ಬಾದಾಮಿಯ ಗೈಡ್ ಮಗನಿಗೆ ವಿಮಾನವೆಂದರೆ ಆಕಾಶದ ಬಿಳಿ ಗೆರೆ. ಕಂಬದ ಮೇಲಿನ ವಿಮಾನದ ಕೆಳಗೆ ನಿಂತು "ಒಳಗ ಏನೈತ್ರಿ ಸರ್?" ಎಂದು ಅವರು ಕೇಳಿದರೆ ತೋರಿಸುವುದೇನು?

ನಿವೃತ್ತ ಕಿರಣ್‌ನ ಒಂದು ಕಾಕ್‌ಪಿಟ್, ಅದಕ್ಕೆ ಜೋಡಿಸಿದ ಕಂಪ್ಯೂಟರ್, ಹೊರಗೆ ಶಿಕ್ಷಕರ ಮೇಜು ಇಷ್ಟು ಸಾಕು. ವಾಯುಪಡೆಗೆ ಜಿಲ್ಲಾಡಳಿತ ಒಂದು ಪತ್ರ ಬರೆಯಲಿ, ನವನಗರದಲ್ಲಿ ಧೂಳು ಬಾರದ ಒಂದು ಕೋಣೆ ಕೊಡಲಿ. ವೈರಿಂಗ್ ಮಾಡಿ, ಮುಳ್ಳುಗಳನ್ನು ಸರಿಪಡಿಸಿ, ಶನಿವಾರ ಮಕ್ಕಳನ್ನು ಕೂರಿಸಿ ಕಲಿಸಲು ಈ ಜಿಲ್ಲೆಯ ನಿವೃತ್ತರು ನಾವು ಬರುತ್ತೇವೆ. ಸಂಬಳ ಬೇಡ.