ಪಾಠಕ್ಕೂ ಒಂದು ಹಂಗಾಮು

ಕೃಷಿ ಪದವಿ ಮುಗಿಸಿ ಮೊದಲ ಬಾರಿಗೆ ತರಗತಿಯ ಮುಂದೆ ನಿಲ್ಲುವ ಶಿಕ್ಷಕರಿಗೆ ವಿಷಯಕ್ಕೇನೂ ಬರವಿರುವುದಿಲ್ಲ. ಮಣ್ಣು, ಗೊಬ್ಬರ, ಕೀಟ, ರೋಗ ಎಲ್ಲವೂ ನಾಲಗೆಯ ತುದಿಯಲ್ಲಿಯೇ ಇರುತ್ತವೆ. ಆದರೆ ನಾಲ್ಕು ವರ್ಷ ಕಲಿತದ್ದರಲ್ಲಿ ನಲವತ್ತು ನಿಮಿಷಕ್ಕೆ ಎಷ್ಟು ಹೇಳಬೇಕು, ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದೇ ಅವರನ್ನು ಕಾಡುವ ಪ್ರಶ್ನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಶಾಲೆಯಾದರೆ ಇನ್ನೊಂದು ತೊಡಕೂ ಉಂಟು. ಎದುರಿಗೆ ಕುಳಿತ ಮಕ್ಕಳಲ್ಲಿ ಅನೇಕರು ತೆಂಗಿನ ತೋಟದಲ್ಲೇ ಬೆಳೆದವರು. ಅಟ್ಟದ ಕಾಯಿಯನ್ನು ಅಲುಗಾಡಿಸಿ, ಒಳಗೆ ಕೊಬ್ಬರಿ ಬಿಟ್ಟಿದೆಯೇ ಎಂದು ಸದ್ದಿನಿಂದಲೇ ಹೇಳಬಲ್ಲವರು. ಅಂಥವರ ಮುಂದೆ ‘ತೆಂಗು ಕಲ್ಪವೃಕ್ಷ’ ಎಂದು ಪಾಠ ಶುರುಮಾಡಿದರೆ ಹಿಂದಿನ ಬೆಂಚಿನಿಂದ ಆಕಳಿಕೆ ಕೇಳಿಬಂದೀತು.

ಶಿಕ್ಷಕರ ತರಬೇತಿಯಲ್ಲಿ ಘಟಕ ಯೋಜನೆ, ಪಾಠ ಯೋಜನೆ ಎಂಬ ಎರಡು ಮಾತುಗಳಿವೆ. ಘಟಕವೆಂದರೆ ತಲುಪಬೇಕಾದ ಊರು, ಪಾಠವೆಂದರೆ ಒಂದು ದಿನದ ನಡಿಗೆ. ಹೊಸಬರು ಸಾಮಾನ್ಯವಾಗಿ ಊರನ್ನು ಗೊತ್ತುಮಾಡಿಕೊಳ್ಳದೆ ನಡೆಯತೊಡಗುತ್ತಾರೆ. ‘ಮಕ್ಕಳು ತೆಂಗಿನ ಬಗ್ಗೆ ತಿಳಿದುಕೊಳ್ಳುವರು’ ಎಂದು ಉದ್ದೇಶ ಬರೆದರೆ, ತಿಳಿದರೋ ಇಲ್ಲವೋ ಎಂದು ನೋಡುವ ಬಗೆ ಯಾವುದು? ಅದರ ಬದಲು ‘ಸಾಲಿನಲ್ಲಿರುವ ಪಿಳ್ಳೆಗಳಲ್ಲಿ ನೆಡತಕ್ಕವನ್ನು ಆರಿಸಿ, ಕಾರಣ ಹೇಳುವರು’ ಎಂದು ಬರೆದರೆ ಕಣ್ಣಾರೆ ಪರೀಕ್ಷಿಸಬಹುದು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ಗಾದೆ ಪಾಠಕ್ಕೂ ಸಲ್ಲುತ್ತದೆ.

ಈ ಒಂದು ಮುತ್ತಿನ ಬೆಲೆ ಸಣ್ಣದಲ್ಲ. ನಮ್ಮ ನಾಡಿನ ಎತ್ತರದ ತಳಿ ಫಲಕ್ಕೆ ಬರಲು ಸುಮಾರು 6-7 ವರ್ಷ ಬೇಕು. ಬಂದ ಮೇಲೆ ಅರವತ್ತು ವರ್ಷ ನಿಂತರೂ ನಿಂತೀತು. ಕಳಪೆ ಪಿಳ್ಳೆ ನೆಟ್ಟ ತಪ್ಪು ಗೊತ್ತಾಗುವ ಹೊತ್ತಿಗೆ ಹೈಸ್ಕೂಲಿನ ಹುಡುಗ ಕಾಲೇಜು ಮುಗಿಸಿರುತ್ತಾನೆ.

ಆದ್ದರಿಂದ ಘಟಕವನ್ನು ಕೊನೆಯಿಂದ ಹಿಂದಕ್ಕೆ ಕಟ್ಟಿಕೊಂಡು ಬರಬೇಕು. ಒಳ್ಳೆಯ ಪಿಳ್ಳೆಗೆ ವರ್ಷ ತುಂಬುವಾಗ ಕನಿಷ್ಠ 6 ಎಲೆ, ಬುಡದಲ್ಲಿ 10 ಸೆಂಟಿಮೀಟರ್ ಸುತ್ತಳತೆ ಇರಬೇಕು. ಅದು ಬೇಗ ಮೊಳೆತದ್ದೂ ಆಗಿರಬೇಕು. ಬೇಗ ಮೊಳೆತದ್ದು ಯಾವುದೆಂದು ಹೇಳಲು ಯಾರಾದರೂ ತಾರೀಖು ಬರೆದಿಟ್ಟಿರಬೇಕಲ್ಲವೇ? ಜೂನ್‌ನಲ್ಲಿ ಪಾತಿಗೆ ಹಾಕಿದ ಕಾಯಿ ಸುಮಾರು ಮೂರು ತಿಂಗಳಿಗೆ ಮೊಳಕೆ ತೋರತೊಡಗುತ್ತದೆ. ಆರು ತಿಂಗಳಾದರೂ ಮೊಳೆಯದ್ದನ್ನು ಕಿತ್ತುಹಾಕುವುದು ವಾಡಿಕೆ. ಹೀಗಾಗಿ ಪುಸ್ತಕದಲ್ಲಿ ಸಸಿ ಬೆಳೆಸುವ ಅಧ್ಯಾಯ ಕೊನೆಗೆ ಇದ್ದರೂ ಈ ಸೀಮೆಯಲ್ಲಿ ಅದನ್ನು ಮುಂಗಾರಿನ ಜೊತೆಗೇ ಆರಂಭಿಸಬೇಕು. ಬಿತ್ತನೆ ಕಾಯನ್ನು ಬೇಸಿಗೆಯಲ್ಲೇ ಇಳಿಸಿಟ್ಟಿರಬೇಕಾದ್ದರಿಂದ, ಜೂನ್‌ನಲ್ಲಿ ಕೆಲಸಕ್ಕೆ ಸೇರಿದ ಮೇಷ್ಟ್ರು ಮೊದಲ ವಾರವೇ ಪೋಷಕರ ಮನೆಬಾಗಿಲಿಗೆ ಹೋಗಿ ಕೇಳಬೇಕಾಗುತ್ತದೆ.

ಉಳಿದ ಪಾಠಗಳೂ ಋತುವನ್ನೇ ಹಿಡಿದು ಸಾಗುತ್ತವೆ. ಮಳೆಗಾಲದಲ್ಲಿ ತಿಪ್ಪೆ ಕೆದಕಿದರೆ ಸುಳಿ ಕೊರೆಯುವ ದುಂಬಿಯ ಮರಿಹುಳು ಸಿಗುತ್ತದೆ. ಕಪ್ಪುತಲೆ ಹುಳುವಿನ ಪಾಠಕ್ಕೆ ಬೇಸಿಗೆಯ ಒಣಗಿದ ಗರಿಗಳೇ ಸಾಕ್ಷಿ. ಗಿಡಕ್ಕೆ ಗಿಡ 30 ಅಡಿ ಅಂತರವಾದರೆ ಒಂದಕ್ಕೆ 900 ಚದರಡಿ. 43,560 ಚದರಡಿಯ ಎಕರೆಗೆ ಸುಮಾರು 48 ಗಿಡ. ಗಣಿತದ ಮೇಷ್ಟ್ರೂ ಇಲ್ಲಿ ಕೈಜೋಡಿಸಬಹುದು. ಬೇಸಿಗೆ ರಜೆಯಲ್ಲಿ ಪಾತಿಗೆ ನೀರು ಹೊಯ್ಯುವವರು ಯಾರು ಎಂಬುದನ್ನೂ ಯೋಜನೆಯಲ್ಲೇ ಬರೆದಿಡಬೇಕು. ಅದನ್ನು ಮರೆತರೆ ಇಡೀ ಘಟಕವೇ ಒಣಗಿಹೋಗುತ್ತದೆ.

ಈ ವಿಚಾರ ಹೊಸದೇನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ರೂಫಸ್ ಸ್ಟಿಮ್ಸನ್ 1908ರ ಸುಮಾರಿನಲ್ಲೇ ವಿದ್ಯಾರ್ಥಿಯ ಮನೆಯ ಹೊಲವನ್ನೇ ಪಾಠದ ಭಾಗ ಮಾಡಿಕೊಂಡರು. ಕೈಕೆಲಸದ ಮೂಲಕವೇ ವಿದ್ಯೆ ಎಂಬ ಗಾಂಧೀಜಿಯವರ ವಿಚಾರವನ್ನು 1937ರಲ್ಲಿ ವಾರ್ಧಾ ಸಮ್ಮೇಳನ ಚರ್ಚಿಸಿತು. ತಿಪಟೂರಿನ ಹೊಸ ಶಿಕ್ಷಕರಿಗೆ ಸಂದೇಹ ಬಂದರೆ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಇದೆ. 1916ರಿಂದ ತೆಂಗಿನ ಸಂಶೋಧನೆ ನಡೆದುಬಂದಿರುವ ಕಾಸರಗೋಡಿನ ಸಂಸ್ಥೆಯ ಪ್ರಕಟಣೆಗಳೂ ನೆರವಾಗುತ್ತವೆ.

‘ತೋಟದ ಕೆಲಸ ಮಾಡಿಸಲು ಮಗನನ್ನು ಶಾಲೆಗೆ ಕಳಿಸಬೇಕೇ?’ ಎಂದು ಪೋಷಕರು ಕೇಳುವುದುಂಟು. ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಏಕೆ ಎಂದು ತಿಳಿಯದೆ, ಏನನ್ನೂ ಅಳೆಯದೆ, ಬರೆಯದೆ ಮಕ್ಕಳು ಬರೀ ನೀರು ಹೊತ್ತರೆ ಅದು ಬಿಟ್ಟಿ ಚಾಕರಿಯೇ ಸರಿ. ಅದೇ ನೀರಿನ ಜೊತೆ ಒಂದು ಪುಸ್ತಕ, ಒಂದು ಅಳತೆ ಟೇಪು, ಉತ್ತರ ಹುಡುಕಬೇಕಾದ ಒಂದು ಪ್ರಶ್ನೆ ಇದ್ದರೆ ಅದು ವಿದ್ಯೆ. ಚಾಕರಿಯನ್ನು ವಿದ್ಯೆಯಾಗಿಸುವುದು ಶಿಕ್ಷಕರು ಹಿಂದಿನ ರಾತ್ರಿ ಕುಳಿತು ಬರೆದ ಯೋಜನೆ. ಪೋಷಕರು ಮಗನ ಕೈಯ ಕೆಸರು ನೋಡಿ ಸಿಡುಕುವ ಮುನ್ನ ಅವನ ಪುಸ್ತಕ ತೆರೆದು ನೋಡಬಹುದು. ಮೊಳಕೆಯ ತಾರೀಖು, ಎಲೆಯ ಲೆಕ್ಕ ಅಲ್ಲಿದ್ದರೆ, ಮುಂದಿನ ಸಲ ತೋಟಕ್ಕೆ ಪಿಳ್ಳೆ ತರುವಾಗ ಅವನನ್ನೂ ಕರೆದುಕೊಂಡು ಹೋಗುವುದು ಒಳ್ಳೆಯದು.