ಹಣ್ಣುಸಂಪಿಗೆಯ ಮನೆತನ ಬದಲಾಯಿತು, ಕಾಡಿನ ಲೆಕ್ಕ ಬದಲಾಗಲಿಲ್ಲ

ಅಂಕೋಲಾ ತಾಲೂಕಿನ ಬೆಟ್ಟ-ಬೇಣಗಳಲ್ಲಿ ಓಡಾಡಿದವರಿಗೆ ಹಣ್ಣುಸಂಪಿಗೆಯನ್ನು ಪರಿಚಯಿಸಬೇಕಾಗಿಲ್ಲ. ಕಾಂಡದ ಮೇಲೆ ಕವಲೊಡೆದ ಮುಳ್ಳುಗಳು, ಬೇಸಿಗೆಯಲ್ಲಿ ಟೊಂಗೆಯ ತುಂಬ ಕೆಂಪು ಹಣ್ಣುಗಳು. ದನ ಕಾಯುವ ಮಕ್ಕಳಿಗೂ ಮಂಗಗಳಿಗೂ ಅದರ ಮೇಲೆ ಸಮಾನ ಹಕ್ಕು. ಅದೇ ಬೆಟ್ಟದಿಂದ ಹೊಳೆಗೆ ಇಳಿದರೆ ನೀರವಂಜಿ ಕಾಣಸಿಗುತ್ತದೆ. ಕೊಂಕಣಿ, ಮರಾಠಿ ಬಲ್ಲವರು ಅದನ್ನು ವಾಳುಂಜ್ ಎನ್ನುತ್ತಾರೆ. ಮಳೆಗಾಲದ ಪ್ರವಾಹದಲ್ಲಿ ಬುಡ ಮುಳುಗಿದರೂ ಜಗ್ಗದ ಈ ಮರದ ಬೀಜಗಳು ಹತ್ತಿಯಂಥ ನವಿರು ಕೂದಲು ಹೊತ್ತು ಗಾಳಿಯಲ್ಲಿ ತೇಲುತ್ತವೆ. ಒಂದು ರಸಭರಿತ ಹಣ್ಣಿನ ಮುಳ್ಳುಮರ, ಇನ್ನೊಂದು ಹಣ್ಣೇ ಇಲ್ಲದ ನೀರಿನ ಮರ. ಇವೆರಡೂ ಒಂದೇ ಮನೆತನದವು ಎಂದರೆ ಊರಿನವರು ನಕ್ಕಾರು. ಸಸ್ಯಶಾಸ್ತ್ರಜ್ಞರೂ ಬಹುಕಾಲ ಅದನ್ನು ಒಪ್ಪಿರಲಿಲ್ಲ.

ನೀರವಂಜಿ ಎಂದರೆ ವಿಲ್ಲೋ. ಕಾಶ್ಮೀರದ ಕ್ರಿಕೆಟ್ ಬ್ಯಾಟಿಗೆ ಮರ ಕೊಡುವ ವಿಲ್ಲೋದ ಹತ್ತಿರದ ಬಂಧು. ಸ್ಯಾಲಿಕ್ಸ್ ಟೆಟ್ರಾಸ್ಪರ್ಮಾ ಎಂಬುದು ಅದರ ಶಾಸ್ತ್ರೀಯ ನಾಮ. ವಿಲ್ಲೋದ ತೊಗಟೆಯಲ್ಲಿರುವ ಸ್ಯಾಲಿಸಿನ್ ಎಂಬ ಕಹಿ ವಸ್ತುವಿನ ಜಾಡು ಹಿಡಿದೇ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಸ್ಪಿರಿನ್ ಮಾತ್ರೆ ಹುಟ್ಟಿತು. ನೂರಾರು ವಿಲ್ಲೋ ಪ್ರಭೇದಗಳಲ್ಲಿ ಹೆಚ್ಚಿನವು ಉತ್ತರದ ಚಳಿನಾಡುಗಳಲ್ಲಿವೆ. ಪಶ್ಚಿಮಘಟ್ಟದ ಹೊಳೆಗಳಲ್ಲಿ ಸಹಜವಾಗಿ ಬೆಳೆಯುವುದು ಮುಖ್ಯವಾಗಿ ಇದೊಂದೇ.

ನಾಲ್ಕು ಸಂಪುಟಗಳ ದೂರ

ಜೋಸೆಫ್ ಹೂಕರ್ ಸಂಪಾದಿಸಿದ ಬ್ರಿಟಿಷ್ ಇಂಡಿಯಾದ ಸಸ್ಯಸಂಪತ್ತಿನ ಏಳು ಸಂಪುಟಗಳು 1872ರಿಂದ 1897ರವರೆಗೆ ಹೊರಬಂದವು. ಅದರಲ್ಲಿ ಹಣ್ಣುಸಂಪಿಗೆಯ ಕುಲವಾದ ಫ್ಲಕೋರ್ಟಿಯಾ ಮೊದಲ ಸಂಪುಟದಲ್ಲಿದೆ. ವಿಲ್ಲೋ ಇರುವುದು ಐದನೆಯ ಸಂಪುಟದಲ್ಲಿ. ಘಟ್ಟದ ಕಾಡುಗಳಲ್ಲಿ ಬೆಳೆಯುವ ಕೇಸಿಯೇರಿಯಾ, ಹೊಮಾಲಿಯಮ್ ಎಂಬ ಇನ್ನೆರಡು ಕುಲಗಳನ್ನು ಎರಡನೆಯ ಸಂಪುಟದ ಬೇರೊಂದು ಕುಟುಂಬದಲ್ಲಿ ಇಡಲಾಗಿತ್ತು. ಕುಷ್ಠರೋಗಕ್ಕೆ ಎಣ್ಣೆ ಕೊಡುತ್ತಿದ್ದ ಸುರಂಟಿ, ಅಂದರೆ ಗರುಡಫಲದ ಮರ ಮಾತ್ರ ಹಣ್ಣುಸಂಪಿಗೆಯ ಜೊತೆಗೇ ಇತ್ತು. ಮುಂದೆ ಫ್ಲಕೋರ್ಟಿಯೇಸಿ ಎಂಬ ದೊಡ್ಡ ಕುಟುಂಬ ರೂಪುಗೊಂಡಾಗ ಹಣ್ಣುಸಂಪಿಗೆ, ಸುರಂಟಿ, ಕೇಸಿಯೇರಿಯಾ, ಹೊಮಾಲಿಯಮ್ ಎಲ್ಲವೂ ಅದರೊಳಗೆ ಸೇರಿದವು. ವಿಲ್ಲೋ ಹೊರಗೇ ಉಳಿಯಿತು. ಎಲ್ಲಿ ಸೇರಿಸಬೇಕೆಂದು ತಿಳಿಯದ ಗಿಡವನ್ನು ಫ್ಲಕೋರ್ಟಿಯೇಸಿಗೆ ತಳ್ಳುವುದೆಂದರೆ ಸಸ್ಯಶಾಸ್ತ್ರಜ್ಞರ ನಡುವೆ ಒಂದು ವಿನೋದವೇ ಆಗಿತ್ತು.

ಹೂವು, ಹಣ್ಣು, ಕೇಸರಗಳನ್ನು ನೋಡಿ ನಂಟು ನಿರ್ಧರಿಸುವುದು ಆ ಕಾಲದ ಕ್ರಮ. ಅದು ತಪ್ಪು ಕ್ರಮವಲ್ಲ, ಆದರೆ ವಿಲ್ಲೋದಂಥ ಮರದ ಮುಂದೆ ಅದು ಸೋಲುತ್ತದೆ. ವಿಲ್ಲೋದ ಹೂವಿನಲ್ಲಿ ದಳವಿಲ್ಲ, ಹೇಳಿಕೊಳ್ಳುವಂಥ ಪುಷ್ಪಪಾತ್ರೆಯೂ ಇಲ್ಲ. ಹೋಲಿಸಬೇಕಾದ ಅಂಗಗಳನ್ನೇ ಕಳೆದುಕೊಂಡ ಹೂವನ್ನು ಯಾವುದರೊಡನೆ ಹೋಲಿಸುವುದು?

ಡಿ.ಎನ್.ಎ. ಈ ಗಂಟನ್ನು ಬಿಡಿಸಿತು. ವಿಧಾನ ಸರಳವಾಗಿದೆ, ಕನ್ನಡದ ಗ್ರಂಥಸಂಪಾದಕರಿಗೆ ಹೊಸತೂ ಅಲ್ಲ. ಒಂದೇ ಕಾವ್ಯದ ಹತ್ತು ತಾಳೆಗರಿ ಪ್ರತಿಗಳು ದೊರೆತಾಗ ಎರಡು ಪ್ರತಿಗಳಲ್ಲಿ ಮಾತ್ರ ಒಂದೇ ಬಗೆಯ ಸ್ಖಾಲಿತ್ಯಗಳು ಕಂಡರೆ, ಅವೆರಡೂ ಒಂದೇ ಮಾತೃಕೆಯಿಂದ ಇಳಿದವೆಂದು ಸಂಪಾದಕರು ತರ್ಕಿಸುತ್ತಾರೆ. ಜೀವಕೋಶವೂ ತಲೆಮಾರಿನಿಂದ ತಲೆಮಾರಿಗೆ ತನ್ನ ಡಿ.ಎನ್.ಎ.ಯನ್ನು ನಕಲು ಮಾಡುತ್ತದೆ. ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಪಲ್ಲಟವಾಗುತ್ತದೆ. ಪಲ್ಲಟವಾದದ್ದು ಮುಂದಿನ ಪ್ರತಿಗಳಿಗೆಲ್ಲ ದಾಟುತ್ತದೆ. ಎಲೆಯ ಕ್ಲೋರೋಪ್ಲಾಸ್ಟಿನಲ್ಲಿರುವ ಆರ್‌ಬಿಸಿಎಲ್ ಎಂಬ ವಂಶವಾಹಿ ಗಾಳಿಯ ಇಂಗಾಲವನ್ನು ಆಹಾರವಾಗಿಸುವ ಕಿಣ್ವದ ಒಂದು ಭಾಗವನ್ನು ರಚಿಸುತ್ತದೆ. ಹಸಿರು ಗಿಡಗಳಲ್ಲೆಲ್ಲ ಇರುವ, ಸುಮಾರು 1400 ಅಕ್ಷರಗಳ ಈ ಸರಣಿಯನ್ನು ಸಾಲಾಗಿ ಜೋಡಿಸಿ ಓದಿದರೆ ಯಾರು ಯಾರಿಂದ ಯಾವಾಗ ಕವಲೊಡೆದರು ಎಂಬ ವಂಶವೃಕ್ಷ ಮೂಡುತ್ತದೆ.

ಲಂಡನ್ನಿನ ಕ್ಯೂ ಉದ್ಯಾನದ ಮಾರ್ಕ್ ಚೇಸ್ ಮತ್ತು ಸಂಗಡಿಗರು 2002ರಲ್ಲಿ ಫ್ಲಕೋರ್ಟಿಯೇಸಿಯ ಗಿಡಗಳ ಈ ವಂಶವಾಹಿಯನ್ನು ಓದಿ ಪ್ರಕಟಿಸಿದ ಫಲಿತಾಂಶ ಆ ಕುಟುಂಬವನ್ನೇ ಒಡೆಯಿತು. ಹಣ್ಣುಸಂಪಿಗೆಯ ಬಳಗ ಹೋಗಿ ವಿಲ್ಲೋದ ಜೊತೆ ಸೇರಿತು. ಸುರಂಟಿಯ ಬಳಗ ಅಕೇರಿಯೇಸಿ ಎಂಬ ಬೇರೆ ಮನೆಗೆ ನಡೆಯಿತು. ಕೋಶಕೇಂದ್ರದ ಡಿ.ಎನ್.ಎ. ತುಣುಕುಗಳನ್ನು ಓದಿದ್ದ ಲೆಸ್ಕಿನೆನ್ ಮತ್ತು ಆಲ್‌ಸ್ಟ್ರಾಮ್-ರಾಪಪೋರ್ಟ್ ಅವರು 1999ರಲ್ಲಿಯೇ ವಿಲ್ಲೋ ಮತ್ತು ಫ್ಲಕೋರ್ಟಿಯೇಸಿಯ ಕೆಲವು ಮರಗಳ ಸಾಮೀಪ್ಯವನ್ನು ಪರಿಶೀಲಿಸಿದ್ದರು. 2003ರಲ್ಲಿ ಹೂಬಿಡುವ ಸಸ್ಯಗಳ ಅಂತರರಾಷ್ಟ್ರೀಯ ವರ್ಗೀಕರಣ ಈ ಬದಲಾವಣೆಯನ್ನು ಅಂಗೀಕರಿಸಿತು. ವಿಲ್ಲೋ ಮತ್ತು ಪಾಪ್ಲರ್‌ಗಳಷ್ಟೇ ಇದ್ದ ಪುಟ್ಟ ಸ್ಯಾಲಿಕೇಸಿ ಕುಟುಂಬ ಐವತ್ತಕ್ಕೂ ಹೆಚ್ಚು ಕುಲಗಳ ದೊಡ್ಡ ಮನೆತನವಾಯಿತು. ಅದೇ 2003ರಲ್ಲಿ ಅಮೆರಿಕದ ಇಯೋಸೀನ್ ಯುಗದ ಶಿಲೆಗಳಿಂದ ವರ್ಣಿಸಲಾದ ಸ್ಯೂಡೋಸ್ಯಾಲಿಕ್ಸ್ ಎಂಬ ಪಳೆಯುಳಿಕೆ ಎರಡೂ ಬಳಗಗಳ ಲಕ್ಷಣಗಳನ್ನು ಒಟ್ಟಿಗೆ ತೋರಿಸಿ, ಕಲ್ಲಿನ ಸಾಕ್ಷ್ಯವನ್ನೂ ಒದಗಿಸಿತು.

ಇದರಿಂದ ಹೊರಡುವ ಅರ್ಥ ಮಲೆನಾಡಿಗರಿಗೆ ಹೆಮ್ಮೆ ತರುವಂಥದು. ಹಿಮದ ನಾಡಿನ ವಿಲ್ಲೋ ಒಂದು ಒಂಟಿ ವಂಶವಲ್ಲ. ಅದು ಬಿಸಿಲು-ಮಳೆಯ ಉಷ್ಣವಲಯದ ದೊಡ್ಡ ಮನೆಯೊಂದರಿಂದ ಹೊರಟ ಕವಲು. ಹಣ್ಣುಸಂಪಿಗೆ ವಿಲ್ಲೋದ ಪೂರ್ವಜನಲ್ಲ, ಮೂಲಮನೆಯ ಕಡೆಯಲ್ಲಿ ಉಳಿದ ದಾಯಾದಿ.

ಚಿಟ್ಟೆಗೆ ಮೊದಲೇ ತಿಳಿದಿತ್ತು

ಪ್ರಯೋಗಾಲಯ ಹೇಳುವ ಮೊದಲೇ ಕಾಡು ಈ ನಂಟಿನ ಸುಳಿವು ಕೊಟ್ಟಿತ್ತು. ಕಿತ್ತಳೆ ರೆಕ್ಕೆಯ ಮೇಲೆ ಕಪ್ಪು ಚುಕ್ಕೆಗಳಿರುವ, ಇಂಗ್ಲಿಷಿನಲ್ಲಿ ಕಾಮನ್ ಲೆಪರ್ಡ್ ಎನಿಸಿಕೊಂಡ ಚಿಟ್ಟೆಯ ಹುಳು ಫ್ಲಕೋರ್ಟಿಯಾದ ಎಲೆಯನ್ನೂ ತಿನ್ನುತ್ತದೆ, ವಿಲ್ಲೋದ ಎಲೆಯನ್ನೂ ತಿನ್ನುತ್ತದೆ. ತಮಿಳುನಾಡು 2019ರಲ್ಲಿ ರಾಜ್ಯ ಚಿಟ್ಟೆಯೆಂದು ಘೋಷಿಸಿದ ತಮಿಳ್ ಯೋಮನ್ ಚಿಟ್ಟೆಯ ಹುಳುವಿಗಾದರೋ ಸುರಂಟಿಯ ಎಲೆ ಬೇಕು. ಎಲೆಯ ಅಂಚಿನ ಹಲ್ಲುಗಳಲ್ಲಿ ನರವೊಂದು ಬಂದು ಪುಟ್ಟ ಗ್ರಂಥಿಯಲ್ಲಿ ಕೊನೆಗೊಳ್ಳುವ ವಿಶಿಷ್ಟ ರಚನೆ ವಿಲ್ಲೋ ಮತ್ತು ಅದರ ಹತ್ತಿರದ ಬಂಧುಗಳಲ್ಲಿ ಸಮಾನ. ಸುರಂಟಿಯ ಬಳಗದಲ್ಲಿ ಸಯನೈಡ್ ಬಿಡುಗಡೆ ಮಾಡುವ ಸಂಯುಕ್ತಗಳಿವೆ. ಅದರ ಬೀಜವನ್ನು ಹೊಳೆಯ ಮೀನು ಹಿಡಿಯಲು ನಂಜಾಗಿ ಬಳಸಿದ ಘಟ್ಟದ ಜನ ಈ ರಸಾಯನಶಾಸ್ತ್ರದ ಒಂದಂಶವನ್ನು ತಮ್ಮದೇ ರೀತಿಯಲ್ಲಿ ಅರಿತಿದ್ದರು.

ಇನ್ನೊಂದು ಹೋಲಿಕೆ ಕೃಷಿಕರ ಗಮನಕ್ಕೆ ಬರತಕ್ಕದ್ದು. ವಿಲ್ಲೋದಂತೆ ಹಣ್ಣುಸಂಪಿಗೆಯಲ್ಲಿಯೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹಣ್ಣು ಬಿಡದ ಮರ ನಿರುಪಯುಕ್ತವೆಂದು ಕಡಿದರೆ ಪಕ್ಕದ ಹಣ್ಣಿನ ಮರವೂ ಕ್ರಮೇಣ ಬರಡಾಗುತ್ತದೆ.

ಡಿ.ಎನ್.ಎ. ಹೇಳಿದ್ದೆಲ್ಲ ಅಂತಿಮವೆಂದು ತಿಳಿಯಬೇಕಾಗಿಲ್ಲ. ಕ್ಲೋರೋಪ್ಲಾಸ್ಟ್ ಸಾಮಾನ್ಯವಾಗಿ ತಾಯಿಯ ಕಡೆಯ ಕಥೆಯನ್ನಷ್ಟೇ ಹೇಳುತ್ತದೆ. ವಿಲ್ಲೋಗಳು ತಮ್ಮತಮ್ಮೊಳಗೆ ಸಂಕರಗೊಳ್ಳುವ ಸ್ವಭಾವದವಾದ್ದರಿಂದ ಒಂದೇ ವಂಶವಾಹಿಯನ್ನು ನೆಚ್ಚಿದರೆ ದಾರಿ ತಪ್ಪುವ ಸಂಭವವಿದೆ. ಕೇಸಿಯೇರಿಯಾದ ಗುಂಪು ಪ್ರತ್ಯೇಕ ಕುಟುಂಬವಾಗಬೇಕೆಂದು ವಾದಿಸುವ ವಿದ್ವಾಂಸರಿದ್ದಾರೆ. 2016ರ ವರ್ಗೀಕರಣ ಅದನ್ನು ಸ್ಯಾಲಿಕೇಸಿಯಲ್ಲಿಯೇ ಉಳಿಸಿಕೊಂಡಿತು. ಹೆಸರು ಮತ್ತೊಮ್ಮೆ ಬದಲಾಗಬಹುದು. ಆದರೆ ಹಣ್ಣುಸಂಪಿಗೆಯು ಸುರಂಟಿಗಿಂತ ವಿಲ್ಲೋಗೆ ಹತ್ತಿರವೆಂಬ ಮೂಲ ಸಂಗತಿ ಬದಲಾಗುವ ಲಕ್ಷಣವಿಲ್ಲ.

ಮರ ಎಣಿಸುವವರಿಗೆ ಒಂದು ಪ್ರಶ್ನೆ

ಇದೆಲ್ಲ ಪಂಡಿತರ ಪಟ್ಟಿಯ ಜಗಳ, ಕಾರವಾರ-ಅಂಕೋಲೆಯ ಜನರಿಗೆ ಇದರಿಂದ ಆಗುವುದೇನು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಉತ್ತರವೂ ಇದೆ.

ಹುಬ್ಬಳ್ಳಿ-ಅಂಕೋಲಾ ರೈಲುಮಾರ್ಗದ ಚರ್ಚೆಯನ್ನು ನೆನೆಯಬಹುದು. ಸುಮಾರು 164 ಕಿಲೋಮೀಟರ್ ಉದ್ದದ ಈ ಯೋಜನೆಗೆ ಸುಮಾರು 595 ಹೆಕ್ಟೇರ್ ಅರಣ್ಯ ಬೇಕೆಂಬ ಪ್ರಸ್ತಾವಕ್ಕೆ 2020ರ ಮಾರ್ಚಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ತಡೆ ನೀಡಿತು. ಆ ಇಡೀ ಚರ್ಚೆ ಎರಡು ಅಂಕಿಗಳ ಸುತ್ತ ತಿರುಗಿತು: ಎಷ್ಟು ಹೆಕ್ಟೇರ್, ಎಷ್ಟು ಲಕ್ಷ ಮರ. ಬೇಡ್ತಿ-ವರದಾ ನದಿ ಜೋಡಣೆಯ ಪ್ರಸ್ತಾವ ಬಂದಾಗಲೂ ಮಾತು ನೀರಿನ ಪ್ರಮಾಣ ಮತ್ತು ಮುಳುಗುವ ವಿಸ್ತೀರ್ಣದ ಸುತ್ತಲೇ ನಡೆಯಿತು. ಲಕ್ಷ ಮರ ಹೋದರೆ ಇನ್ನೊಂದೆಡೆ ಎರಡು ಲಕ್ಷ ನೆಟ್ಟರಾಯಿತೆಂಬ ಪರಿಹಾರ ಇಂಥ ಲೆಕ್ಕದಿಂದ ಸಲೀಸಾಗಿ ಹುಟ್ಟುತ್ತದೆ. ನೆಡುವುದು ಏನನ್ನು? ಉತ್ತರ ಕನ್ನಡದ ಗುಡ್ಡಗಳ ಮೇಲೆ ಸಾಲುಗಟ್ಟಿದ ಅಕೇಶಿಯಾ ನೆಡುತೋಪುಗಳೇ ಉತ್ತರ ಹೇಳುತ್ತವೆ.

ಆಸ್ಟ್ರೇಲಿಯದ ಡೇನಿಯಲ್ ಫೇಯ್ತ್ 1992ರಲ್ಲಿ ಇನ್ನೊಂದು ಅಳತೆಗೋಲನ್ನು ಮುಂದಿಟ್ಟರು. ಒಂದು ತಾಣದ ಜೀವಿಗಳನ್ನೆಲ್ಲ ವಂಶವೃಕ್ಷದ ಮೇಲೆ ಗುರುತಿಸಿ, ಅವುಗಳನ್ನು ಜೋಡಿಸುವ ಕೊಂಬೆಗಳ ಒಟ್ಟು ಉದ್ದವನ್ನು ಅಳೆಯಬೇಕು. ಆ ಉದ್ದವೇ ಅಲ್ಲಿ ಉಳಿದಿರುವ ವಿಕಾಸದ ಇತಿಹಾಸ. ಸಾವಿರ ಅಕೇಶಿಯಾ ಒಂದೇ ತುದಿಯ ಸಾವಿರ ನಕಲು. ನೀರವಂಜಿ, ಹೊಮಾಲಿಯಮ್, ಸುರಂಟಿ ಇರುವ ಹೊಳೆಯಂಚು ಹತ್ತು ಗುಂಟೆಯಷ್ಟೇ ಇದ್ದರೂ ಬಹುಪುರಾತನ ಕವಲುಗಳ ಕೂಟ. ಅಕೇರಿಯೇಸಿ, ಸ್ಯಾಲಿಕೇಸಿಗಳೆರಡೂ ಸೇರುವ ಮ್ಯಾಲ್ಪಿಘಿಯೇಲಿಸ್ ಎಂಬ ದೊಡ್ಡ ಗಣದಲ್ಲಿಯೇ ಕಾಳಿ ಅಳಿವೆಯ ಕಾಂಡ್ಲವೂ ಇದೆ, ಘಟ್ಟದ ಮುರುಗಲು, ಉಪ್ಪಾಗೆಗಳೂ ಇವೆ, ಅಂಗಳದ ನೆಲ್ಲಿ, ಹರಳುಗಳೂ ಇವೆ. ಕಡಲಂಚಿನಿಂದ ಘಟ್ಟದ ನೆತ್ತಿಯವರೆಗೆ ಹಬ್ಬಿದ ಒಂದೇ ವಂಶದ ಕಥೆ ಈ ಎರಡು ತಾಲೂಕುಗಳ ಒಳಗೇ ಓದಲು ಸಿಗುತ್ತದೆ.

ಕುಟುಂಬಗಳ ಸಂಖ್ಯೆಯನ್ನು ಎಣಿಸಿದರೂ ಸಾಲದು ಎಂಬುದಕ್ಕೆ ಈ ಪ್ರಕರಣವೇ ನಿದರ್ಶನ. ಹಣ್ಣುಸಂಪಿಗೆ ಮತ್ತು ನೀರವಂಜಿ ಬೇರೆ ಬೇರೆ ಕುಟುಂಬಗಳಲ್ಲಿದ್ದಾಗ ಅವೆರಡೂ ಇರುವ ಕಾಡಿಗೆ ಎರಡು ಅಂಕ. ಒಂದಾದ ಮೇಲೆ ಒಂದೇ ಅಂಕ. ಕಾಡಿನಲ್ಲಿ ಒಂದೆಲೆಯೂ ಉದುರದೆ ಅದರ ಬೆಲೆ ಇಳಿಯಿತೆ? ಹೆಸರು ಮನುಷ್ಯರು ಕೊಟ್ಟದ್ದು, ಕವಲು ಕಾಲ ಕೊಟ್ಟದ್ದು. ಲೆಕ್ಕಕ್ಕೆ ಬರಬೇಕಾದದ್ದು ಕವಲಿನ ಆಳ.

ಕಾಳಿ ನದಿಯ ದಂಡೆಗಳ ಬಹುಭಾಗ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳ ಹಿನ್ನೀರಿನಡಿ ಸೇರಿ ದಶಕಗಳಾದವು. ಗಂಗಾವಳಿ ಮಾತ್ರ ಬೇಡ್ತಿಯಾಗಿ ಹುಟ್ಟಿ ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಅಂಕೋಲಾ ತಾಲೂಕಿನಲ್ಲಿ ಕಡಲು ಸೇರುತ್ತಿದೆ. 1980ರ ದಶಕದ ಆರಂಭದಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ಕೈಬಿಡುವಂತೆ ಮಾಡಿದ ರೈತರ ಹೋರಾಟಕ್ಕೆ ಅದರ ಶ್ರೇಯ ಸಲ್ಲಬೇಕು. ಹೊಳೆಯಂಚಿನ ಮರ ಬೆಟ್ಟದ ಮೇಲೆ ನೆಟ್ಟರೆ ಬದುಕುವಂಥದಲ್ಲ. ದಂಡೆ ಹೋದರೆ ಆ ಕವಲು ಹೋದಂತೆ.

ಆಗಬೇಕಾದದ್ದು ಅಸಾಧ್ಯವಾದದ್ದೇನಲ್ಲ. ಯಾವ ಯೋಜನೆಗೇ ಆಗಲಿ ಅರಣ್ಯ ಕೇಳುವ ವರದಿಯಲ್ಲಿ ಪ್ರಭೇದಗಳ ಪಟ್ಟಿ ಒಣಮಾದರಿಗಳ ಆಧಾರದೊಂದಿಗೆ ಇರಬೇಕು. ‘ಇತರೆ ಕಾಡುಜಾತಿ’ ಎಂಬ ಕಲಮು ರದ್ದಾಗಬೇಕು. ವಂಶವೈವಿಧ್ಯದ ಅಳತೆ ಹೆಕ್ಟೇರಿನ ಪಕ್ಕದಲ್ಲಿ ನಮೂದಾಗಬೇಕು. 2002ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯತಿಗಳಲ್ಲಿ ಸಿದ್ಧವಾಗುವ ಜನತಾ ಜೀವವೈವಿಧ್ಯ ದಾಖಲೆಗಳಲ್ಲಿ ಹೊಳೆಯಂಚಿನ ಮರಗಳನ್ನು ಪ್ರತ್ಯೇಕವಾಗಿ ಬರೆದಿಡಬೇಕು. ಕನ್ನಡ, ಕೊಂಕಣಿ, ಹಾಲಕ್ಕಿಗಳ ಹೆಸರುಗಳೊಡನೆ, ಗಂಡು-ಹೆಣ್ಣು ಮರಗಳ ವಿವರದೊಡನೆ. ಈ ಕೆಲಸಕ್ಕೆ ಶಿರಸಿಯ ಅರಣ್ಯ ಕಾಲೇಜು ಮತ್ತು ಎರಡೂ ತಾಲೂಕುಗಳ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳು ಕೈಜೋಡಿಸಬೇಕು.

ಸರಣಿಗಳ ಒಡೆತನದ ವಿಚಾರವೂ ಇದೆ. ಒಂದು ಎಲೆಯಿಂದ ಓದಿದ ಡಿ.ಎನ್.ಎ. ಅಕ್ಷರಗಳು ಜಗತ್ತಿನ ಗಣಕಗಳಲ್ಲಿ ಯಾರಿಗೂ ದೊರೆಯುತ್ತವೆ. 2024ರಲ್ಲಿ ಕೊಲಂಬಿಯದ ಕ್ಯಾಲಿ ನಗರದ ಜೀವವೈವಿಧ್ಯ ಸಮ್ಮೇಳನ ಇಂಥ ಮಾಹಿತಿಯಿಂದ ಲಾಭ ಪಡೆಯುವ ಉದ್ಯಮಗಳು ಪಾಲು ಕೊಡಲೆಂದು ನಿಧಿಯೊಂದನ್ನು ರೂಪಿಸಿತು. ಆ ಪಾಲು ಹೊಳೆದಂಡೆಯ ಹಳ್ಳಿಗೆ ತಲುಪಬೇಕಾದರೆ ಎಲೆ ಯಾವ ಊರಿನದು, ಮರವನ್ನು ತೋರಿಸಿದವರು ಯಾರು ಎಂಬುದು ಮೊದಲು ದಾಖಲಾಗಿರಬೇಕು.

ಮರವನ್ನು ಗುರುತಿಸುವವರಿಲ್ಲದೆ ಯಂತ್ರ ಏನನ್ನೂ ಓದಲಾರದು. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು ಅಕ್ಷರ ಕಲಿತವರಲ್ಲ. ಆದರೆ ಯಾವ ತಾಯಿಮರದ ಬೀಜವನ್ನು ಯಾವಾಗ ಆಯಬೇಕೆಂದು ಬಲ್ಲವರಾಗಿದ್ದರು. ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ಬಾಳು ಸವೆಸಿದ ಅವರಿಗೆ ಪದ್ಮಶ್ರೀ ಸಂದಿತು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗ ಒಂದು ದೊಡ್ಡ ಗ್ರಂಥಾಲಯವೇ ಬಾಗಿಲು ಮುಚ್ಚಿತು. ಅಂಥ ಹಿರಿಯರು ಈ ಎರಡು ತಾಲೂಕುಗಳ ಕೇರಿಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕರೆದುಕೊಂಡು ಹೊಳೆದಂಡೆಗೆ ಇಳಿಯುವ ಕೆಲಸ ಮುಂದಿನ ಬೇಸಿಗೆಗೆ, ಹಣ್ಣುಸಂಪಿಗೆ ಕೆಂಪಾಗುವ ಹೊತ್ತಿಗೆ, ಆರಂಭವಾಗಲಿ.